ಎರಡನೆಯ ಸುತ್ತು

ಶಟರ್ ದಡದಡನೆ ಕೆಳಗಿಳಿಯಿತು. ಹೊರಗೆ ಬೀಗ ಬಿದ್ದ ಸದ್ದಿಗೆ ಹೊಸಬ ಥಟ್ಟನೆ ತಿರುಗಿ ನೋಡಿದ.

“ಗಾಬರಿ ಬೇಡ. ಪಕ್ಕದ ದರ್ಜಿ ಬೀಗ ಹಾಕಿದ್ದಾನೆ, ಅಷ್ಟೇ. ನಾನು ಒಳಗಿಂದ ಬಡಿಯೋವರೆಗೂ ತೆಗೆಯಲ್ಲ,” ಎಂದ ತಟ್ಟೆಯಣ್ಣ. “ನೋಡೋರಿಗೆ ಅಂಗಡಿ ಮುಚ್ಚಿರಬೇಕು.”

ಸಿನಿಮಾಗಳ ಕಳ್ಳಪ್ರತಿ ಮಾಡಿ ಮಾರುವ ಅವನಿಗೆ, ಡಿಸ್ಕುಗಳ ಆಕಾರ ನೋಡಿ ಬೀದಿಯವರು ಇಟ್ಟ ಹೆಸರು ಅದು. ಬಂದವನ ಗಡ್ಡ ನರೆತಿದ್ದರೂ ಈ ಅಂಗಡಿಗೆ ಅವನು ಹೊಸಬ. ಕಿಟಕಿಯಿಲ್ಲದ ಕೋಣೆ, ಒಂದು ಕಂಪ್ಯೂಟರ್, ಒಂದು ಹಳೆಯ ಟಿವಿ, ತಿರುಗಿದರೂ ಗಾಳಿ ಬೀಸದ ಫ್ಯಾನು. ಗೋಡೆಗೊರಗಿ ತಟ್ಟೆಯಣ್ಣನ ತಂಗಿ ಡಿಸ್ಕುಗಳಿಗೆ ಕವರ್ ಹಾಕುತ್ತ ಕೂತಿದ್ದಳು. ಒಳಗೆ ಬರುವಾಗಲೇ ಇಸಿದುಕೊಂಡ ಹೊಸಬನ ಫೋನು ಅವಳ ಮಡಿಲಲ್ಲಿತ್ತು. ಬೋನಿಗೆ ಬಿದ್ದ ಇಲಿಯಂತಾಯಿತು ತನ್ನ ಪಾಡು ಎನಿಸಿತು ಅವನಿಗೆ. ಆದರೆ ಯಾರನ್ನು ದೂರುವುದು? ತಾನಾಗಿಯೇ ನಡೆದು ಬಂದಿದ್ದ.

ತಂದದ್ದೂ ಸಾಮಾನ್ಯದ ಮಾಲಲ್ಲ. ನಿರ್ಮಾಪಕರಿಬ್ಬರ ಜಗಳದಲ್ಲಿ ಬಿಡುಗಡೆಯಾಗದೆ ವರ್ಷಗಟ್ಟಲೆ ಬೀರು ಸೇರಿದ್ದ ಸಿನಿಮಾ. ಹೊರಗೆ ಯಾರೂ ನೋಡಿದ್ದಿಲ್ಲ. ಹೊಸಬ ಪಾಲು ಬೇಡ ಎಂದಿದ್ದ. ಡಿಸ್ಕಿಗೆ ಇಳಿಸುವ ಕೆಲಸ ಮಾತ್ರ ತನಗೇ ಬಿಡಬೇಕು ಎಂದಿದ್ದ. ತಟ್ಟೆಯಣ್ಣನ ತಲೆಗೆ ಹುಳ ಬಿಡಲು ಅಷ್ಟು ಸಾಕಾಗಿತ್ತು.

“ನಿನ್ನನ್ನ ಕೋರ್ಟ್ ಮೆಟ್ಟಿಲ ಮೇಲೆ ನೋಡಿದೋರಿದ್ದಾರೆ.”

“ಒಂದು ಕೇಸಿತ್ತು. ಸೋತೆ.”

“ಕಳ್ಳತನದ ಕೇಸಾ?”

“ಹೂಂ. ಹಾಗೇ ಅನ್ನಬಹುದು.”

“ಈ ಸಿನಿಮಾದವರು ಕಳಿಸಿದ ಆಳಲ್ಲ ತಾನೇ ನೀನು?”

“ಅವರು ನನ್ನನ್ನ ಗೇಟೊಳಗೂ ಬಿಡಲ್ಲ ಅಣ್ಣ,” ಎಂದು ಹೊಸಬ ಪರದೆಯ ಕಡೆ ತಿರುಗಿದ.

ಸಿನಿಮಾ ಉದ್ದದ್ದು, ಡಿಸ್ಕ್ ಒಂದೇ. ಎರಡು ಡಿಸ್ಕಾದರೆ ಕೊಳ್ಳುವವರಿಲ್ಲ. ಸೆಕೆಂಡಿಗೆ ಎಷ್ಟು ಜಾಗ ಕೊಡಬೇಕೆಂಬ ಬಿಟ್‌ರೇಟಿನ ಲೆಕ್ಕ ಕೊಂಚ ಏರಿದರೆ ಸಿನಿಮಾ ಡಿಸ್ಕಿನಲ್ಲಿ ಹಿಡಿಸದು. ಕೊಂಚ ಇಳಿದರೆ ಚಿತ್ರ ಚೌಕ ಚೌಕವಾಗಿ ಒಡೆದುಹೋಗುತ್ತದೆ.

“ಒಂದೇ ಸುತ್ತಲ್ಲಿ ಮುಗಿಸು,” ಎಂದ ತಟ್ಟೆಯಣ್ಣ.

“ಎರಡು ಸುತ್ತು ಬೇಕು. ಮೊದಲನೇ ಸುತ್ತಲ್ಲಿ ಮೆಷಿನ್ ಬರೀ ನೋಡುತ್ತೆ, ಯಾವ ದೃಶ್ಯಕ್ಕೆ ಎಷ್ಟು ಜಾಗ ಬೇಕು ಅಂತ. ಎರಡನೇ ಸುತ್ತಲ್ಲಿ ಹಂಚುತ್ತೆ.”

“ಹೊತ್ತೂ ಎರಡರಷ್ಟು. ಯಾರು ಬರೋದನ್ನ ಕಾಯ್ತಿದ್ದೀಯ?”

ಹೊಸಬ ಗುಂಡಿ ಒತ್ತಿದ.

ಪರದೆಯ ಮೇಲೆ ಸಿನಿಮಾ ಓಡತೊಡಗಿತು. ಬೀದಿಯಲ್ಲಿ ಗಾಡಿಯೊಂದು ನಿಧಾನವಾದಾಗೆಲ್ಲ ಹೊಸಬ ಶಟರಿನತ್ತ ನೋಡುತ್ತಿದ್ದ. ಅವನು ನೋಡಿದಾಗೆಲ್ಲ ತಟ್ಟೆಯಣ್ಣ ಅವನನ್ನು ನೋಡುತ್ತಿದ್ದ. ಹೊಸಬನ ಅಂಗಿ ಬೆನ್ನಿಗಂಟಿತು. ಇದು ಮುಗಿಯುವ ಮೊದಲು ಯಾರಾದರೂ ಆ ಶಟರ್ ಎತ್ತಿದರೆ ಎಂಬ ಯೋಚನೆಯೊಂದೇ ಅವನ ತಲೆಯಲ್ಲಿತ್ತು.

ಮೊದಲ ಸುತ್ತು ಮುಗಿಯಿತು. ಹೊಸಬ ಒಂದು ದೃಶ್ಯವನ್ನಷ್ಟೇ ಮಾದರಿಗೆ ಇಳಿಸಿ ಟಿವಿಗೆ ಹಾಕಿದ. ಕತ್ತಲ ಮನೆ. ಗಂಡನಿಗೆ ಎಚ್ಚರವಾದೀತೆಂದು ದೀಪ ಹಾಕದೆ, ತಾಯಿಯೊಬ್ಬಳು ಹೊಸ್ತಿಲಾಚೆ ಕಾಲು ಚಾಚಿ, ಮಗಳು ಮನೆಗೆ ಬಂದಳೇ ಎಂದು ಅವಳ ಚಪ್ಪಲಿಗಾಗಿ ತಡಕುತ್ತಾಳೆ. ಆದರೆ ಟಿವಿಯಲ್ಲಿ ಕಾಲೂ ಇಲ್ಲ, ಚಪ್ಪಲಿಯೂ ಇಲ್ಲ. ಆ ಕತ್ತಲಿಗೆ ಸಿಕ್ಕ ಜಾಗ ಸಾಲದೆ ಕಪ್ಪು ಚೌಕಗಳಷ್ಟೇ ಕುಣಿದವು.

“ಕತ್ತಲಲ್ಲಿ ನೋಡೋಕೇನಿದೆ? ಕಿತ್ತುಹಾಕು,” ಎಂದ ತಟ್ಟೆಯಣ್ಣ.

“ಅದನ್ನ ಮುಟ್ಟಲ್ಲ.”

“ಯಾಕೆ, ನಿಮ್ಮಪ್ಪನ ಮನೆ ಗಂಟಾ?”

“ಬೇಡ ಅಣ್ಣ,” ಎಂದಳು ತಂಗಿ. ಕವರ್ ಹಾಕುವುದನ್ನು ಅವಳು ಯಾವಾಗಲೋ ನಿಲ್ಲಿಸಿದ್ದಳು. “ಅಮ್ಮ ನಾನು ಬರೋದು ತಡವಾದ್ರೆ ಹೀಗೇ ಮಾಡ್ತಿದ್ಲು.”

ತಟ್ಟೆಯಣ್ಣ ಗೊಣಗಿದ. “ಹಾಗಾದ್ರೆ ಬೇರೆ ಏನಾದ್ರೂ ಕಿತ್ತುಹಾಕು.”

ಹೊಸಬ ಸಿನಿಮಾದ ಮೊದಲಿಗೆ ಹೋದ. ಧಾರಾಕಾರ ಮಳೆ, ಅದರ ಮೇಲೆ ಒಂದೊಂದಾಗಿ ಮೂಡುವ ಹೆಸರುಗಳು. ಮಳೆಯ ಹನಿ ಹನಿಯೂ ಜಾಗ ತಿನ್ನುತ್ತದೆ. ಕೊನೆಯ ಹೆಸರು ಮೂಡುವವರೆಗೂ ಅವನು ನೋಡಿದ. ಆಮೇಲೆ ಮಳೆಯನ್ನೂ ಹೆಸರುಗಳನ್ನೂ ಒಟ್ಟಿಗೇ ಅಳಿಸಿ, ಉಳಿದ ಜಾಗವನ್ನೆಲ್ಲ ಆ ಕತ್ತಲಿಗೆ ಕೊಟ್ಟ. ಎರಡನೆಯ ಸುತ್ತು ಶುರುವಾಯಿತು.

ಅರ್ಧಕ್ಕಿಂತ ಮುಂದೆ ಹೋಗಿತ್ತು. ಅಂಗಡಿಯ ಎದುರಿಗೇ ಜೀಪೊಂದು ನಿಂತಿತು. ವೈರ್‌ಲೆಸ್ಸಿನ ಗರಗರ ಒಳಗೂ ಕೇಳಿಸಿತು.

ತಟ್ಟೆಯಣ್ಣ ಹೊಸಬನ ಕೊರಳಪಟ್ಟಿ ಹಿಡಿದ. “ಕರೆಸೇಬಿಟ್ಯಾ?” ಎಂದು ಪಿಸುಗುಟ್ಟಿದ. “ಆರಿಸು ಮೆಷಿನ್ನ.”

ಹೊಸಬ ಎರಡೂ ಕೈಯಿಂದ ಗುಂಡಿ ಮುಚ್ಚಿಕೊಂಡ. “ಕೊಲ್ಲಿ ಬೇಕಾದ್ರೆ. ಆರಿಸಲ್ಲ.”

“ಅವರಿಗೆ ಸಾಕ್ಷಿ ಬೇಕು, ಅದಕ್ಕೆ ತಾನೇ?”

ಹೊರಗೆ ಯಾರೋ ಬೀಗ ಅಲುಗಾಡಿಸಿದರು. “ಅವರು ಊರಲ್ಲಿಲ್ಲ ಸಾರ್,” ಎಂದ ದರ್ಜಿಯ ದನಿ. ಸ್ವಲ್ಪ ಹೊತ್ತಿಗೆ ಜೀಪು ಹೊರಟುಹೋಯಿತು. ಹೊಸಬ ಆಗಲೂ ಗುಂಡಿಯ ಮೇಲಿಂದ ಕೈ ತೆಗೆಯಲಿಲ್ಲ.

ಕೊನೆಗೆ ಬಿಸಿ ಡಿಸ್ಕ್ ಹೊರಬಂತು. ಟಿವಿಗೆ ಹಾಕಿದರು. ಕತ್ತಲು ಈಗ ಒಡೆಯಲಿಲ್ಲ. ಹೊಸ್ತಿಲು ಕಂಡಿತು, ಚಾಚಿದ ಪಾದ ಕಂಡಿತು, ಹೆಬ್ಬೆರಳು ಚಪ್ಪಲಿಗೆ ತಾಗಿದಾಗ ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಸುಮ್ಮನೆ ಅನುಮಾನ ಪಟ್ಟೆ ಮಾರಾಯ,” ಎಂದು ತಟ್ಟೆಯಣ್ಣ ಶಟರ್ ಬಡಿಯಲು ಎದ್ದ.

ತಂಗಿ ಫೋನು ಹಿಂದಿರುಗಿಸಿದಳು. “ಪಾಪ, ಇದನ್ನ ಮಾಡಿದೋರ ಹೆಸರೆಲ್ಲ ಅಳಿಸಿಬಿಟ್ರಿ. ಗೊತ್ತಾದ್ರೆ ಅವರಿಗೆ ಎಷ್ಟು ಬೇಜಾರಾಗುತ್ತೋ.”

“ಬೇಜಾರಿಲ್ಲಮ್ಮ. ನೀವು ನೋಡಿದ್ರಲ್ಲ, ಸಾಕು,” ಎಂದ ಆ ಸಿನಿಮಾದ ನಿರ್ದೇಶಕ.