ಮುಷ್ಟಿಯಲ್ಲಿದ್ದ ಲೇಸು

ಇನ್‌ಸ್ಪೆಕ್ಟರ್ ಮೇಡಂ ಒಂದು ಪ್ಲಾಸ್ಟಿಕ್ ಚೀಲವನ್ನು ಮುದುಕಿಯ ಮನೆಯ ಮೇಜಿನ ಮೇಲಿಟ್ಟರು. ಒಳಗೆ ಬೆರಳುದ್ದದ ಬಿಳಿ ಲೇಸಿನ ಚೂರು.

"ಕೆರೆಯಲ್ಲಿ ತೇಲಿದ ಹೆಣದ ಮುಷ್ಟಿಯಲ್ಲಿತ್ತು, ಅಮ್ಮಾ. ಯಾರದೋ ರವಿಕೆ ತೋಳಿಂದ ಹರಿದು ಬಂದಂಗಿದೆ. ಯಾವ ಬಗೆ, ಯಾರ ಕೈಯದು ಅಂತ ನೀವು ಹೇಳ್ಬೇಕು."

ಅಡುಗೆಮನೆಯಲ್ಲಿ ಮಗಳು ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

ಮುದುಕಿ ಹಿಂದೆ ಶಾಲೆಯಲ್ಲಿ ಹೊಲಿಗೆ ಕಲಿಸಿದವರು. ಮದುವೆಮನೆಯಲ್ಲಿ ಯಾರ ರವಿಕೆಯ ಅಂಚು ಕಂಡರೂ ಹೆಣೆದವರ ಹೆಸರು ಹೇಳಿಬಿಡುವವರು. ಸಾಕು ಅಂದರೂ ನಿಲ್ಲಿಸುತ್ತಿರಲಿಲ್ಲ. ಇವತ್ತು ಕನ್ನಡಕ ಒರೆಸಿಕೊಳ್ಳುವುದಕ್ಕೇ ಬಹಳ ಹೊತ್ತು ಹಿಡಿಯಿತು.

"ಮಷಿನ್ ಮಾಲು. ಸೂರತ್ತಿಂದ ಬರುತ್ತೆ, ಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಯಾರು ಬೇಕಾದ್ರೂ ಕೊಂಡಿರಬಹುದು."

"ಕೈಯಲ್ಲಿ ಹೆಣೆದಿದ್ದಲ್ವಾ?"

"ಕೈಯಲ್ಲಿ ಇಷ್ಟು ಸಮ ಎಲ್ಲಿ ಬರುತ್ತಮ್ಮ?"

"ಕೊಕ್ಕೆ ಸೂಜಿಯಲ್ಲಿ ಹೆಣೆಯೋ ಕ್ರೋಶಾ ತರ ಕಾಣುತ್ತೆ."

"ಕ್ರೋಶಾನೇ. ಈಗ ಅದನ್ನೂ ಮಷಿನ್ನೇ ಹಾಕುತ್ತೆ. ಕಾಲ ಬದಲಾಯ್ತಲ್ಲ."

ಇನ್‌ಸ್ಪೆಕ್ಟರ್ ತಲೆಯಾಡಿಸಿ ಚೀಲವನ್ನು ಜೇಬಿಗೆ ಹಾಕಿಕೊಂಡರು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಮತ್ತೆ ಶುರುವಾಯಿತು. ಎದ್ದು ಟೋಪಿ ಇಟ್ಟುಕೊಂಡ ಇನ್‌ಸ್ಪೆಕ್ಟರ್ ಹೊರಬಾಗಿಲು ಬಿಟ್ಟು ಆ ಸದ್ದಿನ ಕಡೆಗೆ ಹೆಜ್ಜೆ ಹಾಕಿದರು.

"ಕ್ರೋಶಾ ಯಾವ ಮಷಿನ್ನಿಗೂ ಬರೋದಿಲ್ಲ, ಅದಕ್ಕೆ ಕೈಯೇ ಬೇಕು ಅಂತ ಆರನೇ ಕ್ಲಾಸಲ್ಲಿ ನನಗೆ ಹೇಳಿಕೊಟ್ಟಿದ್ದು ನೀವೇ ಅಲ್ವಾ, ಟೀಚರ್?"