ಚರಂಡಿಯ ಭಾನುವಾರ

"ಇವತ್ತು ಚರಂಡಿ ದಿನ, ಮದುಮಗಳೇ. ನಿಮ್ಮನೆಯಿಂದ ಯಾರು ಬರ್ತೀರಿ?"

ಪಕ್ಕದ ಮನೆಯ ಕಜಿಹಾರ ಅಜ್ಜ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ಚರ್ಚಿನ ಗೇಟಿನಲ್ಲಿ ನಿಂತಿದ್ದ. ಓಣಿಯ ಚರಂಡಿ ತೆಗೆಯುವ ದಿನ ಮನೆಗೊಬ್ಬರು ಬರಲೇಬೇಕು. ಬಾರದವರನ್ನು ಯಾರೂ ಬಾಯಿಬಿಟ್ಟು ಬೈಯುವುದಿಲ್ಲ, ಹಾಗಂತ ಮರೆಯುವುದೂ ಇಲ್ಲ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಚಿಹೋಗೆ ಇದು ಮೊದಲ ಬೇಸಿಗೆ. ಆರಾಧನೆಗೆಂದು ಜೋಡಿಸುತ್ತಿದ್ದ ಹೂದಾನಿಯನ್ನು ಕೈಯಲ್ಲಿ ಹಿಡಿದೇ ಅವಳು ಪೇಚಿಗೆ ಬಿದ್ದಳು.

"ತಡೀರಿ ಅಜ್ಜ, ಇವರನ್ನ ಒಂದು ಮಾತು ಕೇಳಿ ಬರ್ತೀನಿ."

'ಇವರು', ಅಂದರೆ ಪಾಸ್ಟರ್ ನೊರಿಹಿದೆ, ಒಳಗೆ ಕನ್ನಡಿಯ ಮುಂದೆ ಟೈ ಕಟ್ಟಿಕೊಳ್ಳುತ್ತಿದ್ದ. "ರೀ, ಹಿಂದಿನ ಪಾಸ್ಟರು ಚರಂಡಿ ದಿನ ಆರಾಧನೇನ ಮಧ್ಯಾಹ್ನಕ್ಕೆ ಹಾಕ್ಕೋತಿದ್ರಂತೆ," ಎಂದು ಚಿಹೋ ಮೆಲ್ಲಗೆ ಶುರು ಮಾಡಿದಳು.

"ಹಾಕ್ಕೋತಿದ್ರು. ಅದಕ್ಕೇ ಅವರು ಬಂದಾಗ ಇದ್ದ ಹತ್ತು ಜನ, ಹೋಗುವಾಗಲೂ ಹತ್ತೇ ಜನ. ಕರ್ತನ ದಿನಾನ ಕೊಚ್ಚೆಗೋಸ್ಕರ ಮುಂದಕ್ಕೆ ತಳ್ಳೋಕಾಗುತ್ತಾ ಚಿಹೋ? ಮಧ್ಯಾಹ್ನ ನಾವಿಬ್ರೂ ಸೇರಿ ತೆಗೆದರಾಯ್ತು ಬಿಡು."

ಅವನದು ಜಂಬವಲ್ಲ, ಹೊಸ ಹುರುಪು. ಆ ಹತ್ತು ಜನರೂ ಬಸ್ಸಿನಲ್ಲೋ ಕಾರಿನಲ್ಲೋ ಬೇರೆ ಕಡೆಯಿಂದ ಬರುವವರು. ಓಣಿಯ ಮನೆಮನೆಯ ಅಂಚೆಪೆಟ್ಟಿಗೆಗೂ ಗಂಡಹೆಂಡಿರು ಆಹ್ವಾನದ ಚೀಟಿ ಹಾಕಿದ್ದರು, ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಬೆಳಗಾದರೆ ಇಬ್ಬರೂ ಮಂಡಿಯೂರಿ ಬೇಡುತ್ತಿದ್ದುದು ಒಂದೇ: ಈ ಓಣಿಯಿಂದ ಒಬ್ಬರಾದರೂ ಬರಲಿ.

"ಮಧ್ಯಾಹ್ನವಾ?" ಚಿಹೋ ಗೇಟಿಗೆ ಬಂದು ಹೇಳಿದ್ದು ಕೇಳಿ ಅಜ್ಜ ನಕ್ಕುಬಿಟ್ಟ. "ಕೆಸರಿನ ಲಾರಿ ಊಟಕ್ಕೆ ಮುಂಚೇನೇ ಹೊರಟುಹೋಗುತ್ತೆ ತಾಯಿ. ಇರಲಿ, ನಿಮ್ಮ ಮುಂದಿನದನ್ನ ನಾನು ತೆಗೆದುಬಿಡ್ತೀನಿ. ನೀವು ಹಾಡ್ಕೊಳ್ಳಿ ಹೋಗಿ."

"ಆ ಮುಚ್ಚಳದ ಕಲ್ಲು ಎತ್ತೋಕೆ ಇಬ್ಬರು ಬೇಕಲ್ವಾ ಅಜ್ಜ?"

"ಜೀವಮಾನವೆಲ್ಲಾ ನೆಲಕ್ಕೆ ಹಾಸೋ ಮಣಭಾರದ ತತಾಮಿ ಚಾಪೆ ಹೊತ್ತ ಬೆನ್ನು ಇದು. ನೀನು ಒಳಗೆ ನಡಿ, ಗಂಡ ಕಾಯ್ತಿರ್ತಾನೆ. ಅದೂ ಹೊಸ ಗಂಡ!"

ಚಿಹೋ ನಾಚಿ, ಬಗ್ಗಿ ವಂದಿಸಿ ಒಳಗೆ ಹೋದಳು. ಏಪ್ರನ್ನು ಕಟ್ಟಿಕೊಂಡೇ ಇದ್ದಳು, ಕಲ್ಲಿನ ಆ ತುದಿಗೆ ಒಂದು ಕೈ ಕೊಡಲು ಎಷ್ಟು ಹೊತ್ತು ಬೇಕಿತ್ತು ಎಂದು ಆಮೇಲೆ ಎಷ್ಟು ಹಳಹಳಿಸಿದರೂ ಕಳೆದ ಗಳಿಗೆ ಬರುವುದಿಲ್ಲವಲ್ಲ.

ಮೊದಲ ಕೀರ್ತನೆಗೆ ಅವಳೇ ಆರ್ಗನ್ ನುಡಿಸಿದಳು. ಎರಡನೇ ಚರಣದ ಹೊತ್ತಿಗೆ ಹೊರಗೆ ಅಜ್ಜನ ಸಲಿಕೆ ಕಲ್ಲಿಗೆ ತಾಗಿ ಠಣ್ಣೆನ್ನತೊಡಗಿತು. ನೊರಿಹಿದೆ ಕಣ್ಣಲ್ಲೇ ಆರ್ಗನ್ ಪಕ್ಕದ ಕಿಟಕಿ ತೋರಿಸಿದ. ಹಾಡುತ್ತಿದ್ದವರೆಲ್ಲ ಸೆಖೆಗೆ ಬೆವೆತುಹೋಗಿದ್ದರೂ ಚಿಹೋ ಒಂದು ಕೈಯಲ್ಲಿ ನುಡಿಸುತ್ತಲೇ ಇನ್ನೊಂದು ಕೈ ಚಾಚಿದಳು. ಅಜ್ಜ ತಲೆಯೆತ್ತಿ ನೋಡಿದ. ಅವಳು ಕ್ಷಮೆ ಕೇಳುವಂತೆ ತಲೆಬಾಗಿಸಿ ಕಿಟಕಿ ಮುಚ್ಚಿಬಿಟ್ಟಳು.

ನೊರಿಹಿದೆಯ ಪ್ರಸಂಗ ಕಾವೇರುತ್ತಿದ್ದಾಗ ಆಂಬುಲೆನ್ಸಿನ ಸದ್ದು ಹತ್ತಿರ ಹತ್ತಿರ ಬಂದು ತಟ್ಟನೆ ನಿಂತಿತು. ಚಿಹೋಗೆ ಎದ್ದು ನೋಡಿ ಬರಬೇಕೆನ್ನಿಸಿತು. ಪಾಸ್ಟರ ಹೆಂಡತಿಯೇ ಪ್ರಸಂಗದ ನಡುವೆ ಎದ್ದು ಹೋದರೆ ನೋಡಿದವರು ಏನಂದಾರು ಎಂದು ಸುಮ್ಮನೆ ಕೂತಳು. ನೊರಿಹಿದೆ ಮಾತು ನಿಲ್ಲಿಸಿ ಕಣ್ಣು ಮುಚ್ಚಿದ. "ಕರ್ತನೇ, ಯಾರೋ ಅಪರಿಚಿತರು ಸಂಕಟದಲ್ಲಿದ್ದಾರೆ. ಅವರು ಎಲ್ಲೇ ಇರಲಿ, ಅವರ ಜೊತೆಗಿರು." ಎಲ್ಲರೂ ಆಮೆನ್ ಅಂದರು. ಅವಳೂ ಅಂದಳು.

ಆರಾಧನೆ ಮುಗಿಸಿ ಬಾಗಿಲು ತೆರೆದರೆ, ಓಣಿಯವರು ಸೇರಿ ಚರ್ಚಿನ ಮುಂದಿನ ಕಲ್ಲನ್ನು ಜಾಗಕ್ಕೆ ಕೂರಿಸುತ್ತಿದ್ದರು. ಎದುರು ಮನೆಯ ಒಕಜೊಯೆ ಆಂಟಿ ತಲೆಯೆತ್ತಲಿಲ್ಲ. "ಕಜಿಹಾರ ಅಜ್ಜ. ಕಲ್ಲು ಜಾರಿ ಕಾಲ ಮೇಲೆ ಬಿತ್ತು."

"ನಮ್ಮನ್ನ ಒಂದು ಕೂಗು ಕರೀಬಾರದಿತ್ತಾ ಆಂಟಿ?"

"ಕರೀತೀವಿ ಅಂದ್ವಿ. ಅಜ್ಜನೇ ಬೇಡ ಅಂದ. ಒಳಗೆ ಪೂಜೆ ನಡೀತಿದೆ, ಅವರಿಗೆ ತೊಂದರೆ ಕೊಡಬೇಡಿ ಅಂದ."

ಸಂಜೆ ಗಂಡಹೆಂಡಿರು ಆಸ್ಪತ್ರೆಗೆ ಹೋದರು. ಅಜ್ಜನ ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿದ್ದರು. ನೊರಿಹಿದೆ ಮಂಚದ ಪಕ್ಕ ಕ್ಷಮೆ ಬೇಡಿ ಸೊಂಟ ಬಗ್ಗಿಸಿ ನಿಂತವನು ಮೇಲೇಳಲೇ ಇಲ್ಲ.

"ಅಜ್ಜ, ನಾನು ಕಿಟಕಿ ಮುಚ್ಚಬಾರದಿತ್ತು," ಎನ್ನುತ್ತಾ ಚಿಹೋ ಅತ್ತುಬಿಟ್ಟಳು.

"ಅಯ್ಯೋ, ಅಳಬೇಡ ಕಣಮ್ಮಾ. ಆಗ ನನ್ನ ಬಾಯಲ್ಲಿ ಬಂದ ಬೈಗುಳ ನಿಮ್ಮ ದೇವರಿಗೆ ಕೇಳಿಸದೇ ಇದ್ದದ್ದೇ ವಾಸಿ. ಪಾಸ್ಟರೇ, ನೀವೂ ಸೊಂಟ ನೆಟ್ಟಗೆ ಮಾಡ್ಕೊಳ್ಳಿ, ಇಲ್ಲಾಂದ್ರೆ ನಿಮಗೂ ಇಲ್ಲೊಂದು ಮಂಚ ಹಾಕಬೇಕಾದೀತು."

ಯಾರೂ ನಗಲಿಲ್ಲ. ಅಜ್ಜ ಹೊದಿಕೆಯ ಅಂಚನ್ನು ಎಳೆದೆಳೆದು ಸರಿಮಾಡಿಕೊಂಡ. ಆಮೇಲೆ ಚಿಹೋಳ ಕಡೆಗೆ ತಿರುಗಿ, ಕೇಳಲೋ ಬೇಡವೋ ಎನ್ನುವವನಂತೆ ಕೇಳಿದ:

"ಪ್ರತಿ ಭಾನುವಾರ ಗಿಡಕ್ಕೆ ನೀರು ಹಾಕೋ ನೆಪ ಮಾಡ್ಕೊಂಡು ಬೇಲಿ ಹತ್ರ ನಿಂತಿರ್ತೀನಿ, ನಿಮ್ಮ ಹಾಡಿಗೆ. ಇವತ್ತೂ ಅದಕ್ಕೇ ನಿಮ್ಮ ಕಡೆಯಿಂದ ಶುರು ಮಾಡಿದ್ದು. ನೀನು ಅರ್ಧದಲ್ಲೇ ಕಿಟಕಿ ಮುಚ್ಚಿಬಿಟ್ಟೆ. ಮುಂದೆ ಏನಿತ್ತಮ್ಮಾ, ಆ ಹಾಡಲ್ಲಿ?"