ಮೇಲಿನ ಗ್ಯಾಲರಿಯ ಸಿಳ್ಳೆ

ಮೂರನೇ ಅಂಕದ ಕೊನೆಯ ಹಾಡಿನಲ್ಲಿ, ಎಲ್ಲರೂ ಕಾದು ಕೂತಿದ್ದ ಆ ಎತ್ತರದ ಸ್ವರಕ್ಕೆ ಏರುವಾಗ ಗಾಯಕಿ ಇಲ್ದೆಯ ದನಿ ಒಡೆಯಿತು. ಒಂದೇ ಒಂದು ಕ್ಷಣ. ಕೆಳಗೆ ಮಖಮಲ್ಲಿನ ಕುರ್ಚಿಗಳಲ್ಲಿ ಕೂತವರಿಗೆ ಗೊತ್ತಾಗಿರಲಿಕ್ಕಿಲ್ಲ. ಮೇಲೆ, ಎದ್ದು ನಿಂತರೆ ಛಾವಣಿಗೆ ತಲೆ ತಾಗುವ ಗ್ಯಾಲರಿಯ ಮರದ ಬೆಂಚುಗಳ ಮೇಲೆ, ಎಪ್ಪತ್ತು ಜನ ಒಟ್ಟಿಗೆ ಉಸಿರೆಳೆದುಕೊಂಡು ಎರ್ಮೆಸ್‌ನ ಮುಖ ನೋಡಿದರು.

ಎರ್ಮೆಸ್ ಇಲ್ದೆಯ ಅಜ್ಜ. ಬಂಡಿಚಕ್ರದಂಥ ಚೀಸ್ ಗಟ್ಟಿಗಳನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ, ಸದ್ದಿನಲ್ಲೇ ಒಳಗಿನ ಟೊಳ್ಳನ್ನು ಪತ್ತೆ ಹಚ್ಚುತ್ತ ನಲವತ್ತು ವರ್ಷ ದುಡಿದ ಕಿವಿ ಅವನದು. ಪಾರ್ಮಾದ ಈ ಹಳೆಯ ಒಪೆರಾ ಮಂದಿರದಲ್ಲಿ ಅಪಸ್ವರಕ್ಕೆ ಛೀಮಾರಿಯ ಮೊದಲ ಸಿಳ್ಳೆ ಹಾಕುವ ಹಕ್ಕೂ ಅವನದೇ. ಇಲ್ಲಿ ಹಾಡಿ ಗೆದ್ದವರ ಹೆಸರು ಕೆಳಗಿನ ಅಮೃತಶಿಲೆಯಲ್ಲಿದೆ. ಸೋತವರ ಹೆಸರು, ಸೋತ ಸಾಲಿನ ಸಮೇತ, ಗ್ಯಾಲರಿಯವರ ಬಾಯಲ್ಲಿದೆ. ಬಾಳಿಕೆ ಹೆಚ್ಚು ಬಂದಿರುವುದು ಎರಡನೆಯದೇ.

"ಏನೋ, ಬಾಯಲ್ಲಿ ಚೀಸ್ ಇಟ್ಕೊಂಡಿದ್ಯಾ?" ಪಕ್ಕದಲ್ಲಿದ್ದ ಹಳೇ ಗೆಳೆಯ ನುಲ್ಲೊ ಪಿಸುಗುಟ್ಟಿದ. "ಹೋದ್ವರ್ಷ ಮಿಲಾನೋದಿಂದ ಬಂದ ಆ ಮಹಾರಾಯನ್ನ ಇದಕ್ಕಿಂತ ಸಣ್ಣ ತಪ್ಪಿಗೆ ಊರು ಬಿಡಿಸಿದ್ವಿ!"

"ಸುಮ್ನಿರೋ. ಹುಡುಗಿಗೆ ಇದೇ ಮೊದಲ ಸಲ."

"ನಿಮ್ಮಪ್ಪಂಗೂ ಮೊದಲ ಸಲಾನೇ ಆಗಿತ್ತಲ್ಲಪ್ಪ?"

ಎರ್ಮೆಸ್‌ನ ಅಪ್ಪ ಇಲ್ಲಿ ಒಂದೇ ಸಲ ಹಾಡಿ ಮೂರು ಸಿಳ್ಳೆ ತಿಂದವನು. ಮನೆಯಲ್ಲಿ ಅದನ್ನು ಪದಕ ಬಂದ ಹಾಗೆ ಹೇಳಿಕೊಳ್ಳುತ್ತಿದ್ದರು.

ಎರ್ಮೆಸ್ ಎರಡು ಬೆರಳನ್ನು ತುಟಿಯವರೆಗೆ ಒಯ್ದ. ಇಳಿಸಿದ. ಆಮೇಲೆ, ಬೇಡ ಎಂಬಂತೆ ಅಂಗೈ ಆಡಿಸಿದ. ಗ್ಯಾಲರಿ ಗಪ್‌ಚಿಪ್ಪಾಯಿತು. ಹಾಡು ಮುಗಿದಾಗ ಮೆತ್ತಗೆ ಒಂದಿಷ್ಟು ಚಪ್ಪಾಳೆಯನ್ನೂ ತಟ್ಟಿತು.

ಪರದೆ ಬಿದ್ದ ಮೇಲೆ ಅವನು ಹೂಗುಚ್ಛ ಹಿಡಿದು, ನುಲ್ಲೊನನ್ನೂ ಎಳೆದುಕೊಂಡು ಬಣ್ಣದ ಕೋಣೆಗೆ ಹೋದ. ಬಾಗಿಲ ಹೊರಗೆ ಮಖಮಲ್ ಕುರ್ಚಿಯ ಜನ ಮೊಮ್ಮಗಳನ್ನು ಹೊಗಳಲು ಸಾಲುಗಟ್ಟಿದ್ದರು. ಒಳಗೆ ಇಲ್ದೆ ಅರ್ಧ ಬಣ್ಣ ಒರೆಸಿಕೊಂಡು ಅಳುತ್ತಿದ್ದಳು.

"ಅಳಬೇಡ ಪುಟ್ಟಿ. ಯಾರಿಗೂ ಗೊತ್ತಾಗ್ಲಿಲ್ಲ."

"ನಿಂಗೂ ಗೊತ್ತಾಗ್ಲಿಲ್ವಾ?" ಅವಳು ಸರಕ್ಕನೆ ತಿರುಗಿದಳು. "ಮುತ್ತಜ್ಜಂಗೆ ಮೂರು ಸಿಳ್ಳೆ. ಎಂತೆಂಥಾ ದೊಡ್ಡೋರಿಗೆಲ್ಲ ಸಿಳ್ಳೆ. ನಂಗೆ ಮಾತ್ರ ಚಪ್ಪಾಳೆ! ಸ್ಕೂಲ್ ಡೇಗೆ ಬಂದಿದ್ಯಾ ಅಜ್ಜ?"

"ಅಯ್ಯೋ, ಹಾಗಲ್ವೇ…"

"ಸ್ವರ ಒಡೀತು ಅಂತ ಅಳ್ತಿಲ್ಲ ನಾನು. ಬುಧವಾರ ಮತ್ತೆ ಹಾಡ್ತೀನಿ, ಸರಿಯಾಗೇ ಹಾಡ್ತೀನಿ. ಆಗ ನೀವು ತಟ್ಟೋ ಚಪ್ಪಾಳೇನ ನಾನು ಹೇಗೆ ನಂಬ್ಲಿ, ಹೇಳು?"

ಎರ್ಮೆಸ್ ಹೂಗುಚ್ಛವನ್ನು ಗೆಳೆಯನ ಕೈಗೆ ತುರುಕಿ, ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತ. ಎರಡು ಬೆರಳು ಬಾಯಿಗಿಟ್ಟು, ಇಡೀ ಓಣಿಗೆ ಕೇಳಿಸುವಂತೆ, ಒಂದು ಸಿಳ್ಳೆ ಹಾಕಿದ. ಹೊರಗಿದ್ದ ಮಖಮಲ್ ಜನ ಬೆಚ್ಚಿ ಗೋಡೆಗೆ ಒತ್ತಿಕೊಂಡರು.

ಇಲ್ದೆ ಎದ್ದಳು. ಕಣ್ಣೊರೆಸಿಕೊಂಡಳು. ಒಂದು ಕೈಯನ್ನು ಎದೆಯ ಮೇಲಿಟ್ಟು, ವೇದಿಕೆಯಲ್ಲಿ ಬಾಗಿದ್ದಕ್ಕಿಂತ ಒಂದು ಗೇಣು ಹೆಚ್ಚೇ ಬಾಗಿದಳು.